ಬೆರಳ ತುದಿಯ ಆಟ, ಬೆನ್ನಿಗಂಟಿದ ಕವಚ



ಮನೆಗೆ ಹೊಸ ಮೊಬೈಲ್ ಬಂದ ದಿನ ಸಾಮಾನ್ಯವಾಗಿ ಎರಡು ಕೆಲಸಗಳು ನಡೆಯುತ್ತವೆ. ಹಿರಿಯರು ಅಂಗಡಿಯಲ್ಲೇ ಅದಕ್ಕೊಂದು ಬ್ಯಾಕ್ ಕವರ್ ಹಾಕಿಸಿ, ಪರದೆಯ ಮೇಲೊಂದು ಟೆಂಪರ್ಡ್ ಗಾಜನ್ನು ಅಂಟಿಸಿಕೊಂಡು ಬರುತ್ತಾರೆ. ಕಿರಿಯರು ಸಂಜೆಯೊಳಗೆ ಒಂದೆರಡು ಆಟಗಳನ್ನು ಅದರೊಳಗೆ ಇಳಿಸಿರುತ್ತಾರೆ. ಈ ಎರಡೂ ಕೆಲಸಗಳು ನಮಗೆ ಎಷ್ಟು ರೂಢಿಯಾಗಿಬಿಟ್ಟಿವೆಯೆಂದರೆ ಕವರ್ ಏಕೆ ರಕ್ಷಿಸುತ್ತದೆ, ಆಟ ಏಕೆ ಹಿಡಿದಿಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿದೆ. ಎರಡನೆಯದಕ್ಕೆ ಉತ್ತರ ಮನಶ್ಶಾಸ್ತ್ರದಲ್ಲಿಯೂ ಸ್ವಲ್ಪಮಟ್ಟಿಗೆ ವ್ಯಾಪಾರದಲ್ಲಿಯೂ ಇದೆ. ಇವೆರಡನ್ನೂ ಇಂದು ಸ್ವಲ್ಪ ವಿಚಾರಮಾಡೋಣ.

ಮೊದಲು ಕವಚದ ಮಾತು. 200 ಗ್ರಾಂ ತೂಕದ ಒಂದು ಮೊಬೈಲ್ 1 ಮೀಟರ್ ಎತ್ತರದಿಂದ, ಅಂದರೆ ಸುಮಾರು ನಿಮ್ಮ ಸೊಂಟದ ಎತ್ತರದಿಂದ, ಸಿಮೆಂಟ್ ನೆಲಕ್ಕೆ ಬಿತ್ತೆಂದು ಇಟ್ಟುಕೊಳ್ಳಿ. ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ಗಂಟೆಗೆ 16 ಕಿಲೋಮೀಟರಿನಂತೆ ಸೈಕಲ್ ತುಳಿಯುವವನ ವೇಗ ಇದು. ಅದರಲ್ಲಿರುವ ಚಲನಶಕ್ತಿ ಸುಮಾರು 2 ಜೂಲ್ ಮಾತ್ರ. ಇಷ್ಟು ಕಡಿಮೆ ಶಕ್ತಿ ಗಾಜನ್ನು ಹೇಗೆ ಒಡೆಯುತ್ತದೆ?

ಇಲ್ಲಿ ಮುಖ್ಯವಾದುದು ಶಕ್ತಿ ಎಷ್ಟು ಎನ್ನುವುದಕ್ಕಿಂತ ಅದು ಎಷ್ಟು ದೂರದಲ್ಲಿ ಖರ್ಚಾಗುತ್ತದೆ ಎನ್ನುವುದು. ಬಲವನ್ನು ದೂರದಿಂದ ಗುಣಿಸಿದರೆ ಕೆಲಸ ಎಂದು ನೀವು ಓದಿದ್ದೀರಿ. ಗಟ್ಟಿ ಗಾಜು ಗಟ್ಟಿ ನೆಲಕ್ಕೆ ಬಡಿದು, ಉದಾಹರಣೆಗೆ, 0.2 ಮಿಲಿಮೀಟರ್ ದೂರದಲ್ಲೇ ನಿಂತುಬಿಟ್ಟರೆ, ಸರಾಸರಿ ಬಲ ಮೊಬೈಲಿನ ತೂಕದ 5,000 ಪಟ್ಟು ಆಗುತ್ತದೆ. ಎಂದರೆ ಸುಮಾರು 10,000 ನ್ಯೂಟನ್. ಅದೇ ಮೂಲೆಯಲ್ಲಿ ಮೆತ್ತನೆಯ ಪದರವೊಂದು ಇದ್ದು, ಅದು 2 ಮಿಲಿಮೀಟರ್ ಅದುಮಿಕೊಂಡರೆ, ಬಲ ತೂಕದ 500 ಪಟ್ಟಿಗೆ ಇಳಿಯುತ್ತದೆ. ಬಿದ್ದ ಎತ್ತರ ಅದೇ, ಶಕ್ತಿಯೂ ಅದೇ. ನಿಲ್ಲುವ ದೂರ ಹತ್ತು ಪಟ್ಟು ಹೆಚ್ಚಿದ್ದರಿಂದ ಪೆಟ್ಟು ಹತ್ತರಲ್ಲಿ ಒಂದು ಪಾಲಾಯಿತು. ಕ್ರಿಕೆಟ್ ಆಟಗಾರ ಕ್ಯಾಚ್ ಹಿಡಿಯುವಾಗ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದೂ ಇದೇ ಕಾರಣಕ್ಕೆ. ನಾವು ಹೊರಾಂಗಣ ಚಿತ್ರೀಕರಣಕ್ಕೆ ಕ್ಯಾಮೆರಾ ಒಯ್ಯುವ ಗಟ್ಟಿ ಪೆಟ್ಟಿಗೆಯ ಒಳಗೆ ಸ್ಪಂಜು ತುಂಬಿಸುವುದೂ ಇದೇ ತತ್ತ್ವದ ಮೇಲೆ.

ಇದನ್ನು ನೀವು ತರಗತಿಯಲ್ಲೇ ಪರೀಕ್ಷಿಸಬಹುದು. ಒಂದೇ ಅಳತೆಯ ಇಪ್ಪತ್ತು ಸೀಮೆಸುಣ್ಣದ ಕಡ್ಡಿಗಳನ್ನು ತೆಗೆದುಕೊಳ್ಳಿ. ಹತ್ತು ಕಡ್ಡಿಗಳ ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿ. ಉಳಿದ ಹತ್ತನ್ನು ಹಾಗೆಯೇ ಬಿಡಿ. ಎಲ್ಲವನ್ನೂ ಮೇಜಿನ ಎತ್ತರದಿಂದ ಒಂದೇ ರೀತಿಯಲ್ಲಿ ಬೀಳಿಸಿ, ಯಾವ ಗುಂಪಿನಲ್ಲಿ ಎಷ್ಟು ಮುರಿದವು ಎಂದು ಎಣಿಸಿ. ಎತ್ತರ, ನೆಲ, ಬೀಳಿಸುವ ಭಂಗಿ ಇವು ಬದಲಾಗಬಾರದು; ರಬ್ಬರ್ ಮಾತ್ರ ಬದಲಾಗಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ವಿಜ್ಞಾನದ ಮೊದಲ ಶಿಸ್ತು.

ಹಾಗಾದರೆ ಒಳ್ಳೆಯ ಕವಚ ಹೇಗಿರಬೇಕು? ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಮೂರು ಬಗೆಯ ವಸ್ತುಗಳು. ಸಿಲಿಕೋನ್ ಬಹಳ ಮೆತ್ತಗೆ, ಕೈಗೆ ಹಿಡಿತ ಕೊಡುತ್ತದೆ. ಪಾಲಿಕಾರ್ಬೊನೇಟ್ ಗಟ್ಟಿ, ಗೀರನ್ನೂ ಚುಚ್ಚನ್ನೂ ತಡೆಯುತ್ತದೆ. ಆದರೆ ಆಘಾತವನ್ನು ಹೀರುವುದು ಕಡಿಮೆ. ಇವೆರಡರ ನಡುವಿನದು ಟಿಪಿಯು ಎಂದು ಕರೆಯುವ ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್. ಪಾರದರ್ಶಕವಾದ ಅಗ್ಗದ ಕವರುಗಳು ಹೆಚ್ಚಾಗಿ ಇದರವೇ. ಕೆಲವು ತಿಂಗಳಲ್ಲಿ ಅವು ಹಳದಿಗಟ್ಟುವುದು ಬರಿಯ ಕೊಳೆಯಿಂದಲ್ಲ. ಬಿಸಿಲಿನ ನೇರಳಾತೀತ ಕಿರಣಗಳೂ ಶಾಖವೂ ಆ ಪಾಲಿಮರಿನ ಅಣುಗಳನ್ನು ಬದಲಿಸುವುದೂ ಅದಕ್ಕೆ ಕಾರಣ. ಆದ್ದರಿಂದ ಎಷ್ಟು ತಿಕ್ಕಿ ತೊಳೆದರೂ ಆ ಹಳದಿ ಹೋಗದು.

ವಸ್ತುವಿಗಿಂತ ಆಕಾರವನ್ನು ನೋಡಿ ಕೊಳ್ಳುವುದು ಜಾಣತನ. ಮೊಬೈಲ್ ಮೂಲೆಯ ಮೇಲೆ ಬಿದ್ದಾಗ ಇಡೀ ಬಲ ಬಹಳ ಸಣ್ಣ ಜಾಗದ ಮೇಲೆ ಕೇಂದ್ರೀಕರಿಸುತ್ತದೆ. ಆದ್ದರಿಂದ ಮೂಲೆಗಳು ದಪ್ಪಗಿರಬೇಕು. ಕವಚದ ಅಂಚು ಪರದೆಗಿಂತಲೂ ಕ್ಯಾಮೆರಾ ಮಸೂರಕ್ಕಿಂತಲೂ ತುಸು ಎತ್ತರವಿರಬೇಕು. ಆಗ ಬೋರಲಾಗಿ ಬಿದ್ದರೂ ಗಾಜು ನೆಲ ಮುಟ್ಟುವುದಿಲ್ಲ. ಬಣ್ಣ, ಹೊಳಪು, ಅದರ ಮೇಲಿನ ಚಿತ್ರ ಇವೆಲ್ಲ ನಿಮ್ಮ ಅಭಿರುಚಿಗೆ ಬಿಟ್ಟದ್ದು.

ಕೆಲವು ಪೊಟ್ಟಣಗಳ ಮೇಲೆ ‘ಮಿಲಿಟರಿ ಗ್ರೇಡ್’ ಎಂದು ಅಚ್ಚಾಗಿರುತ್ತದೆ. ಇದು ಅಮೆರಿಕದ ರಕ್ಷಣಾ ಇಲಾಖೆಯ ‘ಮಿಲ್-ಸ್ಟ್ಯಾಂಡರ್ಡ್-810’ ಎಂಬ ಪರೀಕ್ಷಾ ವಿಧಾನಗಳ ಕೈಪಿಡಿಯನ್ನು ಸೂಚಿಸುತ್ತದೆ. ಅದರಲ್ಲಿನ ಬೀಳಿಸುವ ಪರೀಕ್ಷೆಯೊಂದರಲ್ಲಿ ವಸ್ತುವನ್ನು 4 ಅಡಿ, ಅಂದರೆ 1.22 ಮೀಟರ್ ಎತ್ತರದಿಂದ 26 ಬಾರಿ ಬೀಳಿಸುತ್ತಾರೆ. ಇಪ್ಪತ್ತಾರೇ ಏಕೆ? ಪೆಟ್ಟಿಗೆಯಾಕಾರದ ವಸ್ತುವಿಗೆ 6 ಮುಖ, 12 ಅಂಚು, 8 ಮೂಲೆ, ಕೂಡಿಸಿ ನೋಡಿ. ಆದರೆ ಗಮನಿಸಬೇಕಾದ ಎರಡು ಸಂಗತಿಗಳಿವೆ. ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬೀಳಿಸುವುದು ಕಾಂಕ್ರೀಟಿನ ಮೇಲೆ ಹಾಸಿದ ಪ್ಲೈವುಡ್ಡಿನ ಮೇಲೆ. ನಮ್ಮ ಬಸ್ ನಿಲ್ದಾಣದ ಜಲ್ಲಿಕಲ್ಲಿನ ಮೇಲಲ್ಲ. ಎರಡನೆಯದಾಗಿ, ಮಾರಾಟದ ಕವರುಗಳನ್ನು ಸೈನ್ಯ ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದಿಲ್ಲ. ತಯಾರಕರೇ ಪರೀಕ್ಷಿಸಿ, ತಾವೇ ಬರೆದುಕೊಳ್ಳುತ್ತಾರೆ. ಮಾತು ಸುಳ್ಳೆಂದಲ್ಲ, ಅದರ ಅರ್ಥ ನಾವು ಭಾವಿಸಿದಷ್ಟು ದೊಡ್ಡದಲ್ಲ.

ಪರದೆಯ ಗಾಜಿನದೂ ಒಂದು ಸ್ವಾರಸ್ಯವಾದ ಕಥೆ. ಸೋಡಿಯಂ ಇರುವ ವಿಶೇಷ ಗಾಜನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಮುಳುಗಿಸಿಡುತ್ತಾರೆ. ಗಾಜಿನ ಮೇಲ್ಮೈಯಿಂದ ಸಣ್ಣ ಸೋಡಿಯಂ ಅಯಾನುಗಳು ಹೊರಗೆ ಹೋಗಿ, ಆ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳು ತೂರಿಕೊಳ್ಳುತ್ತವೆ. ಇಬ್ಬರ ಸೀಟಿನಲ್ಲಿ ಮೂವರು ಕುಳಿತಂತೆ ಮೇಲ್ಮೈ ಒತ್ತರಿಸಿ ಬಿಗಿಯಾಗುತ್ತದೆ. ಬಿರುಕು ಬೆಳೆಯಬೇಕಾದರೆ ಗಾಜು ಹಿಗ್ಗಬೇಕು. ಒತ್ತಡದಲ್ಲಿರುವ ಪದರ ಅದಕ್ಕೆ ಸುಲಭವಾಗಿ ಎಡೆಗೊಡುವುದಿಲ್ಲ. ಇನ್ನು ಗೀರಿನ ವಿಷಯ. ಜೇಬಿನಲ್ಲಿರುವ ಬೀಗದ ಕೈ, ನಾಣ್ಯಗಳನ್ನು ನಾವು ದೂರುತ್ತೇವೆ. ಆದರೆ ಆ ಲೋಹಗಳು ಸಾಮಾನ್ಯವಾಗಿ ಗಾಜಿಗಿಂತ ಮೆದು. ನಿಜವಾದ ಅಪರಾಧಿ ಮರಳಿನ ಕಣ. ಅದರಲ್ಲಿರುವ ಕ್ವಾರ್ಟ್ಜ್ ಮೋಹ್ಸ್ ಗಡಸುತನದ ಮಾಪಕದಲ್ಲಿ 7ನೆಯ ಸ್ಥಾನದಲ್ಲಿದೆ, ಗಾಜಿಗಿಂತ ಮೇಲೆ. ಆಟದ ಮೈದಾನದಿಂದ ಬಂದ ಜೇಬನ್ನು ಕೊಡವುವುದೂ ಒಂದು ರಕ್ಷಣೆಯೇ!

ಇಲ್ಲಿಯವರೆಗೆ ಕವಚದ ಗುಣಗಾನವಾಯಿತು. ಅದಕ್ಕೊಂದು ದೋಷವೂ ಇದೆ. ಪೆಟ್ಟನ್ನು ತಡೆಯುವ ಮೆತ್ತನೆಯ ಪ್ಲಾಸ್ಟಿಕ್ ಶಾಖವನ್ನೂ ತಡೆಯುತ್ತದೆ. ಮೊಬೈಲಿಗೆ ಫ್ಯಾನ್ ಇಲ್ಲ. ಒಳಗಿನ ಬಿಸಿ ಅದರ ಮೈಯ ಮೂಲಕವೇ ಹೊರಗೆ ಹೋಗಬೇಕು. ಗಂಟೆಗಟ್ಟಲೆ ಆಟ ಆಡುವಾಗ ಒಳಗಿನ ಸಂಸ್ಕಾರಕ ಬಿಡುವಿಲ್ಲದೆ ಚಿತ್ರಗಳನ್ನು ರಚಿಸುತ್ತಿರುತ್ತದೆ. ಪರದೆಯೂ ಬೆಳಗುತ್ತಲೇ ಇರುತ್ತದೆ. ಜೊತೆಗೆ ಚಾರ್ಜರ್ ಸಿಕ್ಕಿಸಿದ್ದರೆ ಬ್ಯಾಟರಿಯೂ ಬಿಸಿಯಾಗುತ್ತದೆ. ಮಿತಿ ಮೀರಿದಾಗ ಸಂಸ್ಕಾರಕ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಆಟ ತಡವರಿಸತೊಡಗುತ್ತದೆ. ಲಿಥಿಯಂ-ಅಯಾನ್ ಬ್ಯಾಟರಿಗೆ ಶಾಖ ದೊಡ್ಡ ಶತ್ರು; ಪದೇ ಪದೇ ಬಿಸಿಯಾದ ಬ್ಯಾಟರಿಯ ಧಾರಣಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ. ಚಾರ್ಜ್ ಮಾಡುವಾಗ ಆಡಬೇಡಿ. ಮೈ ಬಿಸಿಯಾದರೆ ಕವರ್ ತೆಗೆದು ಸ್ವಲ್ಪ ಹೊತ್ತು ನೆರಳಿನಲ್ಲಿಡಿ.

ಹೀಗೆ ನಾವು ಕವಚದಿಂದ ಆಟದ ಬಳಿಗೆ ಬಂದೆವು. ಮೊಬೈಲಿನ ಹಗುರ ಆಟಗಳ ಇತಿಹಾಸ ಬಹಳ ಹಳೆಯದಲ್ಲ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿತ್ನೊವ್ ‘ಟೆಟ್ರಿಸ್’ ರಚಿಸಿದರು. 1997ರಲ್ಲಿ ಫಿನ್ಲೆಂಡಿನ ತನೇಲಿ ಅರ್ಮಾಂಟೊ ನೋಕಿಯಾ 6110 ಮೊಬೈಲಿಗೆ ‘ಸ್ನೇಕ್’ ಎಂಬ ಹಾವಿನ ಆಟವನ್ನು ಅಳವಡಿಸಿದರು. ನಿಮ್ಮ ತಂದೆ ತಾಯಿಗಳನ್ನು ಕೇಳಿ, ಅವರಲ್ಲಿ ಅನೇಕರು ಆ ಹಾವನ್ನು ಬೆಳೆಸಿದವರೇ. 2009ರಲ್ಲಿ ‘ಆಂಗ್ರಿ ಬರ್ಡ್ಸ್’, 2012ರಲ್ಲಿ ‘ಕ್ಯಾಂಡಿ ಕ್ರಷ್ ಸಾಗಾ’ ಮತ್ತು ‘ಸಬ್‌ವೇ ಸರ್ಫರ್ಸ್’ ಬಂದವು. 2016ರಲ್ಲಿ ಭಾರತದಲ್ಲೇ ತಯಾರಾದ ‘ಲೂಡೊ ಕಿಂಗ್’ ಬಂದು, 2020ರ ಲಾಕ್‌ಡೌನ್ ಕಾಲದಲ್ಲಿ ಮನೆಮಾತಾಯಿತು. ಲೂಡೊ ನಮಗೆ ಹೊಸದೇನಲ್ಲ. ಪಚೀಸಿಯಿಂದ ಹುಟ್ಟಿ, 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದು ಹಿಂದಿರುಗಿದ ಆಟ ಅದು. ನಮ್ಮ ಪಗಡೆ, ಚೌಕಾಬಾರಗಳ ನೆಂಟ.

ಆದರೆ ಜಗಲಿಯ ಚೌಕಾಬಾರಕ್ಕೂ ಮೊಬೈಲಿನ ಆಟಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಜಗಲಿಯ ಆಟಕ್ಕೆ ಕೊನೆಯಿದೆ. ಕಾಯಿಗಳೆಲ್ಲ ಹಣ್ಣಾದವೋ, ದೀಪ ಹಚ್ಚುವ ಹೊತ್ತಾಯಿತೋ, ಎದುರಿನವಳಿಗೆ ಬೇಸರ ಬಂದಿತೋ, ಆಟ ಮುಗಿಯಿತು. ಮೊಬೈಲಿಗೆ ಬೇಸರವಾಗುವುದಿಲ್ಲ. ಒಂದು ಹಂತ ಮುಗಿದರೆ ಇನ್ನೊಂದು ಸಿದ್ಧವಾಗಿರುತ್ತದೆ.

ಇದು ಆಕಸ್ಮಿಕವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಗುಂಡಿಯನ್ನು ಕುಕ್ಕಿದಾಗ ಕಾಳು ಬೀಳುತ್ತದೆ. ಇಷ್ಟು ಸಲ ಕುಕ್ಕಿದರೆ ಕಾಳು ಎಂದು ನಿಗದಿಯಾಗಿದ್ದರೆ ಹಕ್ಕಿ ಕಾಳು ತಿಂದ ಮೇಲೆ ಕೊಂಚ ವಿರಮಿಸುತ್ತದೆ. ಕಾಳು ಯಾವಾಗ ಬೀಳುತ್ತದೆಂದು ಗೊತ್ತಿಲ್ಲದಿದ್ದರೆ ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತದೆ. ಫರ್ಸ್ಟರ್ ಎಂಬವರೊಡನೆ ಸೇರಿ ಸ್ಕಿನ್ನರ್ ಇಂಥ ಪ್ರಯೋಗಗಳನ್ನು 1957ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಆಟದಲ್ಲಿ ಅನಿರೀಕ್ಷಿತವಾಗಿ ಸಿಗುವ ನಾಣ್ಯ, ಪೆಟ್ಟಿಗೆ, ಮಿಠಾಯಿಗಳ ಸುರಿಮಳೆ ಇವು ಆ ಕಾಳುಗಳೇ.

ಇನ್ನೊಂದು ತಂತ್ರ ಅರ್ಧಕ್ಕೆ ನಿಲ್ಲಿಸುವುದು. ಇದು ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತು. ಧಾರಾವಾಹಿಯ ಕಂತು ಬಾಗಿಲು ತಟ್ಟಿದ ಸದ್ದಿನಲ್ಲಿ ಮುಗಿಯುತ್ತದೆ. ಬಂದವರು ಯಾರೆಂದು ನಾಳೆಯವರೆಗೆ ನೀವು ಯೋಚಿಸುತ್ತೀರಿ. ಮುಗಿಯದ ಕೆಲಸ ಮುಗಿದದ್ದಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯುತ್ತದೆಂದು ಬ್ಲೂಮಾ ಜೈಗಾರ್ನಿಕ್ 1927ರಲ್ಲೇ ಬರೆದಿದ್ದರು. ಕ್ಯಾಂಡಿ ಕ್ರಷ್‌ನಲ್ಲಿ ಐದು ಜೀವಗಳು ಮುಗಿದರೆ ಮುಂದಿನದಕ್ಕೆ ಅರ್ಧ ಗಂಟೆ ಕಾಯಬೇಕು. ಕಾಯುವ ಆ ಅರ್ಧ ಗಂಟೆ ನೀವು ಪುಸ್ತಕ ತೆರೆದಿದ್ದರೂ ಮನಸ್ಸಿನ ಒಂದು ಭಾಗ ಆಟದಲ್ಲೇ ಇರುತ್ತದೆ. ಕಾಯಲಾರದವನಿಗೆ ಹಣ ಕೊಟ್ಟು ಜೀವ ಕೊಳ್ಳುವ ದಾರಿ ಅಲ್ಲೇ ತೆರೆದಿರುತ್ತದೆ.

ಉಚಿತ ಎಂಬ ಆಟ ಬದುಕುವುದು ಹೀಗೆ. ದೂರದರ್ಶನದಲ್ಲಿ ಜಾಹೀರಾತು ಕಾರ್ಯಕ್ರಮದ ನಡುವೆ ಬರುತ್ತದೆ; ನೀವು ಎದ್ದು ನೀರು ಕುಡಿದು ಬರಬಹುದು. ಅನೇಕ ಆಟಗಳಲ್ಲಿ ಜಾಹೀರಾತು ಬರುವುದು ನೀವು ಸೋತ ಕ್ಷಣದಲ್ಲಿ, ‘ಇದನ್ನು ನೋಡಿದರೆ ಇನ್ನೊಂದು ಅವಕಾಶ’ ಎಂಬ ಆಮಿಷದೊಂದಿಗೆ. ಅಲ್ಲಿ ಮಾರಾಟವಾಗುತ್ತಿರುವ ಸರಕು ನಿಮ್ಮ ಗಮನ. ಇದನ್ನು ಕಂಡು ಕಳವಳಗೊಂಡ ಆಟ ರಚನಕಾರರೂ ಇದ್ದಾರೆ. ವಿಯೆಟ್ನಾಮಿನ ಡಾಂಗ್ ಗುಯೆನ್ 2013ರಲ್ಲಿ ರಚಿಸಿದ ‘ಫ್ಲಾಪಿ ಬರ್ಡ್’ ಜಗತ್ಪ್ರಸಿದ್ಧವಾಗಿ, ಅಪಾರ ಹಣ ತರುತ್ತಿದ್ದಾಗಲೇ, 2014ರ ಫೆಬ್ರುವರಿಯಲ್ಲಿ ಅವರು ಅದನ್ನು ಹಿಂತೆಗೆದುಕೊಂಡರು. ಕೆಲವು ನಿಮಿಷಗಳ ವಿನೋದಕ್ಕೆಂದು ಮಾಡಿದ ಆಟ ಚಟವಾಗಿಬಿಟ್ಟಿತು ಎಂಬುದು ಅವರು ಕೊಟ್ಟ ಕಾರಣ.

ಆಟವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ದಣಿದ ಮನಸ್ಸಿಗೆ ಹತ್ತು ನಿಮಿಷದ ಆಟ ಹಿತವೇ. ಆಡುವವರೆಲ್ಲ ರೋಗಿಗಳೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ತನ್ನ ರೋಗಗಳ ವರ್ಗೀಕರಣದಲ್ಲಿ ಆಟದ ವ್ಯಸನವನ್ನು ಸೇರಿಸಿದೆ. ಆದರೆ ಅದರ ಲಕ್ಷಣಗಳು ಸ್ಪಷ್ಟ. ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಊಟ ನಿದ್ರೆ ಓದಿಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣೆದುರಿಗಿದ್ದರೂ ಮುಂದುವರಿಸುವುದು, ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ನಡೆಯುವುದು. ಇಂಥವರಿಗೆ ಬೈಗುಳಿಗಿಂತ ನೆರವು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಎಂಬ ಚಿಕಿತ್ಸಾಲಯವಿದೆ. ‘ಟೆಲಿ ಮನಸ್’ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳ ಮಾತೇ ಬೇರೆ. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯಿದೆ ಅವನ್ನು ನಿಷೇಧಿಸಿದೆ. ಅವುಗಳ ಹತ್ತಿರ ಸುಳಿಯಬೇಡಿ.

ಕೆಲವು ಸರಳ ನಿಯಮಗಳನ್ನು ಹೇಳಿ ಮುಗಿಸುತ್ತೇನೆ. ಆಟ ಆರಂಭಿಸುವ ಮೊದಲೇ ಮುಗಿಸುವ ಹೊತ್ತನ್ನು ನಿರ್ಧರಿಸಿ. ‘ಇನ್ನೊಂದೇ ಹಂತ’ ಎಂಬ ಮಾತಿಗೆ ಕೊನೆಯಿಲ್ಲ. ಆಟ ನಿಮ್ಮನ್ನು ಕರೆಯುವ ಸೂಚನೆಗಳನ್ನು ನಿಲ್ಲಿಸಿ. ನೀವು ಆಟದ ಬಳಿ ಹೋಗಬೇಕು, ಅದು ನಿಮ್ಮ ಬಳಿ ಬರಬಾರದು. ತಂದೆ ತಾಯಿಯ ಮೊಬೈಲಿನಲ್ಲಿ ಆಡುವವರು, ಹಣ ಪಾವತಿಗೆ ಅವರ ಗುಪ್ತಸಂಖ್ಯೆ ಬೇಕೇ ಬೇಕು ಎನ್ನುವಂತೆ ಅವರಿಂದಲೇ ಹೊಂದಿಸಿ. ಓದುವಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ.

2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಎಷ್ಟೋ ಮನೆಗಳಲ್ಲಿ ಮೂರು ಮಕ್ಕಳ ಪಾಠಕ್ಕೆ ಒಂದೇ ಮೊಬೈಲ್ ಇತ್ತು. ಅದರ ಪರದೆ ಒಡೆದರೆ ಮೂವರ ಪಾಠವೂ ನಿಂತಂತೆ. ಅಂಥ ಮನೆಗಳಲ್ಲಿ ನೂರು ರೂಪಾಯಿಯ ಕವರ್ ಅಲಂಕಾರವಾಗಿರಲಿಲ್ಲ, ವಿವೇಕವಾಗಿತ್ತು. ಒಡೆದ ಗಾಜನ್ನು ಹಣ ಕೊಟ್ಟು ಬದಲಿಸಬಹುದು. ಪರೀಕ್ಷೆಯ ಹಿಂದಿನ ತಿಂಗಳು ಆಟದಲ್ಲಿ ಕಳೆದುಹೋದ ಸಂಜೆಗಳನ್ನು ಬದಲಿಸಿಕೊಡುವ ಅಂಗಡಿ ಇಲ್ಲ. ಮೊಬೈಲಿಗೆ ಕವಚ ತೊಡಿಸುವಷ್ಟೇ ಎಚ್ಚರದಿಂದ ನಿಮ್ಮ ಹೊತ್ತನ್ನೂ ಕಾಪಾಡಿಕೊಳ್ಳಿ. ಸೀಮೆಸುಣ್ಣದ ಪ್ರಯೋಗವನ್ನು ಮಾತ್ರ ಮರೆಯದೆ ಮಾಡಿನೋಡಿ.