ಚೆಂಡು ಕೊಟ್ಟವನ ಹೆಸರು
(ಸಂಘದ ಕ್ರೀಡಾ ದಿನದ ಬಹುಮಾನ ವಿತರಣೆಯ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನದ ಫುಟ್‌ಬಾಲ್ ಪಂದ್ಯದಲ್ಲಿ ಗೆದ್ದವರಿಗೂ ಸೋತವರಿಗೂ ನಮ್ಮ ಅಭಿನಂದನೆಗಳು. ಬಹುಮಾನ ಕೊಡುವಾಗ ನಾವೊಂದು ಸಂಗತಿ ಗಮನಿಸಿದೆವು. ಗೋಲು ಹೊಡೆದ ಹುಡುಗನಿಗೆ ಭರ್ಜರಿ ಚಪ್ಪಾಳೆ ಬಿತ್ತು. ಅವನ ಕಾಲಿಗೆ ಚೆಂಡು ತಂದುಕೊಟ್ಟವನ ಹೆಸರನ್ನು ಯಾರೂ ಕೇಳಲಿಲ್ಲ. ಆದುದರಿಂದ ಜರ್ಮನಿಯ ಹಾನ್ಸಿ ಫ್ಲಿಕ್ ಎಂಬವರ ವಿಚಾರ ನಾಲ್ಕು ಮಾತು ಹೇಳಬೇಕೆಂದು ನಮ್ಮ ಮನಸ್ಸಿಗೆ ಬಂದಿದೆ.

ಫ್ಲಿಕ್ ಅವರು 1965ರಲ್ಲಿ ಹೈಡೆಲ್ಬರ್ಗ್ ಪಟ್ಟಣದಲ್ಲಿ ಹುಟ್ಟಿದವರು. 1985ರಲ್ಲಿ ಬಾಯರ್ನ್ ಮ್ಯೂನಿಕ್ ಎಂಬ ದೊಡ್ಡ ತಂಡವನ್ನು ಸೇರಿದರು. ಅವರದು ನಡು ಮೈದಾನದ ಆಟ. ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ಮುಟ್ಟಿಸುವುದು, ಎದುರಾಳಿ ನುಗ್ಗಿದರೆ ಓಡಿಹೋಗಿ ತಡೆಯುವುದು. ನಮ್ಮ ಹೋಟೆಲಿನಲ್ಲಿ ಒಳಗಿನ ಭಟ್ಟರಿಗೂ ಹೊರಗಿನ ಮೇಜಿಗೂ ನಡುವೆ ಓಡಾಡುವ ಸಪ್ಲೈಯರನ ಕೆಲಸವೇ ಅದು. ಗಿರಾಕಿಗೆ ದೋಸೆಯ ರುಚಿ ನೆನಪಿರುತ್ತದೆ, ತಂದಿಟ್ಟವನ ಮುಖ ನೆನಪಿರುವುದಿಲ್ಲ.

ಆ ತಂಡದಲ್ಲಿ ಐದು ವರ್ಷ ಇದ್ದು 104 ಲೀಗ್ ಪಂದ್ಯಗಳನ್ನು ಆಡಿದರು. ಹೊಡೆದ ಗೋಲು ಐದೇ ಐದು. ಆದರೂ ತಂಡ ನಾಲ್ಕು ಸಲ ಲೀಗ್ ಗೆದ್ದಾಗ ಅವರು ಅದರಲ್ಲಿದ್ದರು. ಬಳಿಕ ಕೊಲೋನ್ ತಂಡಕ್ಕೆ ಹೋದರು. ಅಲ್ಲಿ ಗಾಯಗಳು ಕಾಡಿ, 1993ರಲ್ಲಿ, ಕೇವಲ 28ನೆಯ ವಯಸ್ಸಿನಲ್ಲಿ, ವೃತ್ತಿಯ ಆಟವನ್ನು ಬಿಡಬೇಕಾಯಿತು. ದೇಶದ ಹಿರಿಯರ ತಂಡಕ್ಕೆ ಒಂದು ಪಂದ್ಯವನ್ನೂ ಆಡುವ ಯೋಗ ಬರಲಿಲ್ಲ.

ಆಮೇಲೆ ಏನು ಮಾಡಿದರು? ಬಾಮೆಂಟಾಲ್ ಎಂಬ ಸಣ್ಣ ಊರಿನಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟರು. ಅದೇ ಊರಿನ ಚಿಕ್ಕ ತಂಡಕ್ಕೆ ಆಡುತ್ತ, ಆಡುತ್ತಲೇ ಹುಡುಗರಿಗೆ ಕಲಿಸಿದರು. 2000ದಲ್ಲಿ ಹೋಫನ್‌ಹೈಮ್ ತಂಡದ ಶಿಕ್ಷಕರಾದರು. ಅದು ಆಗ ನಾಲ್ಕನೆಯ ದರ್ಜೆಯಲ್ಲಿತ್ತು. ಮರುವರ್ಷವೇ ಮೂರನೆಯ ದರ್ಜೆಗೆ ಏರಿಸಿದರು.

2006ರಲ್ಲಿ ಜರ್ಮನಿಯ ರಾಷ್ಟ್ರೀಯ ತಂಡಕ್ಕೆ ಸಹಾಯಕ ಶಿಕ್ಷಕರಾಗಿ ಸೇರಿದರು. ಮುಖ್ಯ ಶಿಕ್ಷಕರು ಯೋಕಿಮ್ ಲೋವ್. ಎಂಟು ವರ್ಷ ಫ್ಲಿಕ್ ಅವರು ಎರಡನೆಯ ಕುರ್ಚಿಯಲ್ಲೇ ಕೂತರು. 2008ರ ಯುರೋಪು ಸ್ಪರ್ಧೆಯಲ್ಲಿ ಪೋರ್ಚುಗಲ್ ವಿರುದ್ಧದ ಪಂದ್ಯದ ದಿನ ಲೋವ್ ಅವರಿಗೆ ಮೈದಾನದ ಅಂಚಿಗೆ ಬರಲು ನಿಷೇಧವಿತ್ತು. ಅಂದು ತಂಡವನ್ನು ನಡೆಸಿದವರು ಫ್ಲಿಕ್. 3-2ರಲ್ಲಿ ಗೆದ್ದರು. ಮರುದಿನ ಮತ್ತೆ ತಮ್ಮ ಹಳೆಯ ಜಾಗಕ್ಕೇ ಹೋಗಿ ಕೂತರು.

2014ರಲ್ಲಿ ಬ್ರೆಜಿಲಿನಲ್ಲಿ ವಿಶ್ವಕಪ್ಪು ನಡೆಯಿತು. ಕಾರ್ನರ್, ಫ್ರೀಕಿಕ್‌ಗಳ ಅಭ್ಯಾಸ ಮಾಡಿಸುವ ಕೆಲಸ ಫ್ಲಿಕ್ ಅವರದು. ಸೆಮಿಫೈನಲಿನಲ್ಲಿ ಬ್ರೆಜಿಲನ್ನೇ 7-1ರಲ್ಲಿ ಮಣಿಸಿದಾಗ ಮೊದಲನೆಯ ಗೋಲು ಬಂದುದು ಕಾರ್ನರಿನಿಂದ. ಜರ್ಮನಿ ಕಪ್ಪು ಗೆದ್ದಿತು. ಪಲ್ಲಕ್ಕಿಯಲ್ಲಿ ಕೂತವರ ಮುಖವನ್ನು ಎಲ್ಲರೂ ನೋಡುತ್ತಾರೆ, ಹೊತ್ತವರ ಹೆಗಲನ್ನು ನೋಡುವವರು ಕಡಿಮೆ.

2019ರಲ್ಲಿ ತಮ್ಮ ಹಳೆಯ ಬಾಯರ್ನ್ ತಂಡಕ್ಕೆ ಮರಳಿದರು. ಅಲ್ಲಿಯೂ ಸಹಾಯಕರಾಗಿಯೇ. ನವೆಂಬರಿನಲ್ಲಿ ತಂಡ ಫ್ರಾಂಕ್‌ಫರ್ಟ್ ಕೈಯಲ್ಲಿ 5-1ರಲ್ಲಿ ಸೋತಿತು. ಮುಖ್ಯ ಶಿಕ್ಷಕರು ಹೊರಟುಹೋದರು. ಸದ್ಯಕ್ಕೆ ನೀವು ನೋಡಿಕೊಳ್ಳಿ ಎಂದು ಇವರಿಗೆ ವಹಿಸಿದರು. ಆ 'ಸದ್ಯಕ್ಕೆ' ಏನಾಯಿತು ಕೇಳಿ: 2020ರಲ್ಲಿ ಜರ್ಮನಿಯ ಲೀಗ್, ಜರ್ಮನಿಯ ಕಪ್ಪು, ಯುರೋಪಿನ ಚಾಂಪಿಯನ್ಸ್ ಲೀಗ್, ಮೂರೂ ಬಂದವು. ಚಾಂಪಿಯನ್ಸ್ ಲೀಗಿನ ಹನ್ನೊಂದು ಪಂದ್ಯಗಳನ್ನೂ ತಂಡ ಗೆದ್ದಿತು. ಅದರಲ್ಲಿ ಬಾರ್ಸಿಲೋನಾ ತಂಡವನ್ನು 8-2ರಲ್ಲಿ ಸೋಲಿಸಿದ್ದೂ ಒಂದು.

ಬಂಧುಗಳೇ, ಕಥೆ ಇಲ್ಲಿಗೇ ಮುಗಿದರೆ ಅದು ಸಿನಿಮಾ ಆಗುತ್ತಿತ್ತು. 2021ರಲ್ಲಿ ಅವರು ದೇಶದ ತಂಡಕ್ಕೆ ಮುಖ್ಯ ಶಿಕ್ಷಕರಾದರು. 2022ರ ವಿಶ್ವಕಪ್ಪಿನಲ್ಲಿ ಜಪಾನಿಗೆ ಸೋತು ಮೊದಲ ಸುತ್ತಿನಲ್ಲೇ ಹೊರಬಿದ್ದರು. 2023ರ ಸೆಪ್ಟೆಂಬರಿನಲ್ಲಿ ಸ್ವಂತ ನೆಲದಲ್ಲಿ ಅದೇ ಜಪಾನಿಗೆ 4-1ರಲ್ಲಿ ಸೋತರು. ಮರುದಿನವೇ ಕೆಲಸ ಹೋಯಿತು. ಆ ದೇಶದ ತಂಡದ ಮುಖ್ಯ ಶಿಕ್ಷಕರಲ್ಲಿ ಹಾಗೆ ವಜಾ ಆದ ಮೊದಲನೆಯವರು ಇವರೇ.

ಫ್ಲಿಕ್ ಅವರು ಹಣವುಳ್ಳವರು, ಅವರಿಗೂ ನಮಗೂ ಸರಿಸಾಟಿ ಎಂದು ಹೇಳಲು ನಾವು ಇಲ್ಲಿ ನಿಂತಿಲ್ಲ. ಆದರೆ ಒಂದು ವ್ಯತ್ಯಾಸ ನೋಡಿರಿ. ಅವರ ಕೈಯಲ್ಲಿ 2024ರವರೆಗಿನ ಕರಾರು ಪತ್ರವಿತ್ತು. ನಮ್ಮಲ್ಲಿ ಹತ್ತು ವರ್ಷ ಹಂಡೆ ತೊಳೆದವನ ಕೈಯಲ್ಲಿಯೂ ಒಂದು ಚೀಟಿ ಇರುವುದಿಲ್ಲ. ರಾತ್ರಿ ಗಲ್ಲಾ ಮುಚ್ಚುವಾಗ 'ನಾಳೆಯಿಂದ ಬರಬೇಡ' ಎಂದರೆ ಮುಗಿಯಿತು. ಮಲಗುವ ಜಾಗವೂ ಹೋಟೆಲಿನದೇ ಆದ್ದರಿಂದ, ಕೆಲಸದ ಜೊತೆಗೆ ಸೂರೂ ಹೋಯಿತು. ಹಾಸಿಗೆ ಸುತ್ತಿಕೊಂಡು ಹೀಗೆ ಬೀದಿಯಲ್ಲಿ ನಿಂತವರಲ್ಲಿ ನಾವೂ ಒಬ್ಬರು. ಇಷ್ಟು ವರ್ಷ ದುಡಿದೆ ಎಂದು ತೋರಿಸಲು ಅಂದು ನಮ್ಮ ಬಳಿ ಒಂದು ಅಕ್ಷರವೂ ಇರಲಿಲ್ಲ.

ಫ್ಲಿಕ್ ಅವರಿಗೆ ಮುಂದೇನಾಯಿತು? ಅವರು ಮಾಡಿದ ಕೆಲಸವೆಲ್ಲ ದಾಖಲೆಯಲ್ಲಿತ್ತು. 2024ರಲ್ಲಿ ಬಾರ್ಸಿಲೋನಾದವರು, ಎಂಟು ಗೋಲು ತಿಂದವರೇ, ಕರೆದು ಕೆಲಸ ಕೊಟ್ಟರು. ಆ ಒಂದು ಋತುವಿನಲ್ಲಿ ಸ್ಪೇನಿನ ಲೀಗ್, ರಾಜನ ಕಪ್ಪು, ಸೂಪರ್ ಕಪ್ಪು ಮೂರನ್ನೂ ಗೆದ್ದರು. ರಿಯಲ್ ಮ್ಯಾಡ್ರಿಡ್ ತಂಡವನ್ನು ನಾಲ್ಕಕ್ಕೆ ನಾಲ್ಕು ಸಲವೂ ಸೋಲಿಸಿದರು. ಹೊರಹಾಕಿಸಿಕೊಂಡವನು ಕೈಲಾಗದವನು ಎಂಬ ಮಾತು ಸುಳ್ಳು ಎಂದು ಇದರಿಂದ ತಿಳಿಯಬೇಕು.

ಆದುದರಿಂದ ನಮ್ಮ ವಿನಂತಿ ಎರಡು. ಮೊದಲನೆಯದು, ಬರುವ ವರ್ಷದಿಂದ ಚೆಂಡು ಚೆನ್ನಾಗಿ ಕೊಟ್ಟವನಿಗೂ ಸಂಘ ಒಂದು ಬಹುಮಾನ ಇಡಲಿ. ಎರಡನೆಯದು, ನೀವು ಭಟ್ಟರಿರಲಿ, ಕ್ಲೀನರ್ ಇರಲಿ, ಗಿರಣಿಯ ಬದಲಿ ಕಾರ್ಮಿಕರಿರಲಿ, ಕೆಲಸಕ್ಕೆ ಸೇರಿದ ದಿನಾಂಕ, ಸಂಬಳ, ಹೆಸರು ಬರೆದ ಕಾಗದವನ್ನು ಕೇಳಿ ಪಡೆಯಿರಿ. ಒಬ್ಬನೇ ಕೇಳಲು ಅಂಜಿಕೆಯಾದರೆ ಸಂಘಕ್ಕೆ ಬನ್ನಿರಿ. ನಾವು ಜೊತೆಗೆ ಬರುತ್ತೇವೆ.