ಮನೆಗೊಂದು ಹಣ: ಬೆಳ್ಗೊಳದ ರಕ್ಷಣೆಯ ಹಳೆಯ ಪಾಠ

(ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)

 

ಪ್ರತಿಷ್ಠಾ ಮಹೋತ್ಸವವೆಂದರೆ ಸಂಭ್ರಮದ ಹೊತ್ತು. ಬಿಂಬಕ್ಕೆ ಸಂಸ್ಕಾರ ದೊರೆಯುತ್ತದೆ, ಶಿಖರಕ್ಕೆ ಕಲಶವೇರುತ್ತದೆ, ದಾನಿಗಳ ಹೆಸರು ಕಲ್ಲಿನ ಮೇಲೆ ಮೂಡುತ್ತದೆ. ಚಪ್ಪರ ಬಿಚ್ಚಿದ ಮೇಲೆ, ಬಂದ ನೆಂಟರಿಷ್ಟರು ಊರಿಗೆ ಮರಳಿದ ಮೇಲೆ, ಬಸದಿಯ ಕಸ ಗುಡಿಸುವವರಾರು? ಹತ್ತು ಮಳೆಗಾಲ ಕಳೆದ ಮೇಲೆ ಸೋರುವ ಮಾಡಿಗೆ ಗಾರೆ ಹಾಕಿಸುವವರಾರು? ಹೊಸದನ್ನು ಕಟ್ಟಿಸುವುದಕ್ಕಿಂತ ಜೀರ್ಣವಾದುದನ್ನು ಉದ್ಧರಿಸುವುದು ಹೆಚ್ಚಿನ ಪುಣ್ಯಕಾರ್ಯವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕಟ್ಟಿಸಲು ಕೈನೀಡುವವರು ಅನೇಕರು. ಕಾಪಾಡಲು ಕೈನೀಡುವವರು ವಿರಳ. ಈ ಸತ್ಯವನ್ನು ಅರಿತೇ ಆ ಮಾತು ಹುಟ್ಟಿರಬೇಕು. ಕಾಪಾಡುವ ಕಾರ್ಯಕ್ಕೆ ದ್ರವ್ಯವನ್ನು ಹೊಂದಿಸುವುದು ಹೇಗೆ, ದರ್ಶನಕ್ಕೆ ಬರುವ ಜನಸಾಗರದಿಂದಲೇ ಕ್ಷೇತ್ರಕ್ಕೆ ಕ್ಷಯವಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬ ವಿಚಾರಕ್ಕೆ ಶ್ರವಣಬೆಳಗೊಳಕ್ಕಿಂತ ಮಿಗಿಲಾದ ಉದಾಹರಣೆ ದೊರೆಯಲಾರದು.

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಈ ಊರು ಮೂಲತಃ ಒಂದು ಹಳ್ಳಿ. ಊರ ನಡುವೆ ಕೊಳ. ಆ ಬಿಳಿಯ ಕೊಳದಿಂದಲೇ ಬೆಳ್ಗೊಳವೆಂಬ ಹೆಸರು. ಒಂದು ಕಡೆ ಸಮುದ್ರಮಟ್ಟದಿಂದ 3347 ಅಡಿ ಎತ್ತರದ ವಿಂಧ್ಯಗಿರಿ. ಎದುರಿಗೆ ಅದಕ್ಕಿಂತ ತಗ್ಗಾದ ಚಂದ್ರಗಿರಿ. ಸುತ್ತಲೂ ಕೆರೆ, ಹೊಲ, ತೆಂಗಿನ ತೋಟ. ಕೂಗಳತೆಯ ದೂರದಲ್ಲಿ ಶಾಂತಿನಾಥ ಬಸದಿಯ ಜಿನನಾಥಪುರ. ಗಂಗರ ಮಂತ್ರಿ ಚಾವುಂಡರಾಯನು 981ರಲ್ಲಿ ಪ್ರತಿಷ್ಠಾಪಿಸಿದ ಗೊಮ್ಮಟಮೂರ್ತಿಯನ್ನು ಕಾಣಲು ಲೋಕವೇ ಇಲ್ಲಿಗೆ ಬರುತ್ತದೆ. ಆದರೆ ಕ್ಷೇತ್ರವೆಂದರೆ ಮೂರ್ತಿಯೊಂದೇ ಅಲ್ಲ. ಬೆಟ್ಟ, ಬಂಡೆ, ಕೊಳ, ಕೆರೆ, ಬಸದಿ, ಬಂಡೆಯ ಮೇಲೆ ಕಂಡರಿಸಿದ ಬರೆಹ, ಅಲ್ಲಿ ಬದುಕುವ ಜನ ಇವೆಲ್ಲ ಕೂಡಿದರೆ ಕ್ಷೇತ್ರ. ಬಿ. ಎಲ್. ರೈಸ್ ಅವರು 1889ರಲ್ಲಿ ಇಲ್ಲಿಯ 144 ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಆ ಸಂಖ್ಯೆ 500ಕ್ಕೇರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಸಂಪುಟದಲ್ಲಿ 573 ಆಯಿತು. ಚಂದ್ರಗಿರಿಯ ಬಂಡೆಯಲ್ಲಿ ಸಮಾಧಿಮರಣವನ್ನು ಪಡೆದ ಮುನಿಗಳ, ಆರ್ಯಿಕೆಯರ ಹೆಸರುಗಳು ನಡೆಯುವವರ ಪಾದದ ಮಟ್ಟದಲ್ಲಿಯೇ ಇವೆ. ನೂರಾರು ವರ್ಷ ಬಿಸಿಲು ಮಳೆಗಳನ್ನು ತಡೆದ ಅಕ್ಷರಗಳು ಅಜಾಗರೂಕ ಪಾದಗಳಿಂದ ಸವೆದುಹೋಗುವ ಅಪಾಯವಿದೆಯೆಂಬುದು ಭಕ್ತರೆಲ್ಲರೂ ಯೋಚಿಸತಕ್ಕ ಸಂಗತಿ.

ಪ್ರಾಚೀನರು ಈ ಕ್ಷೇತ್ರವನ್ನು ಹೇಗೆ ಕಾಪಾಡಿದರೆಂಬುದಕ್ಕೆ ಉತ್ತರ ಆ ಶಾಸನಗಳಲ್ಲಿಯೇ ಇದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಗೊಮ್ಮಟನ ಸುತ್ತಾಲಯವನ್ನು ಕಟ್ಟಿಸಿದನು. ದೊರೆ ಮೆಚ್ಚಿ ಕೊಟ್ಟ ಗ್ರಾಮವನ್ನು ತನ್ನ ಭೋಗಕ್ಕೆ ಇಟ್ಟುಕೊಳ್ಳದೆ ಜಿನಾಲಯಗಳಿಗೆ ದತ್ತಿಯಾಗಿ ಬಿಟ್ಟನು. ಭಂಡಾರಿ ಹುಳ್ಳನು 1159ರ ವೇಳೆಗೆ ಇಪ್ಪತ್ತನಾಲ್ಕು ತೀರ್ಥಂಕರರ ಬಸದಿಯನ್ನು ಕಟ್ಟಿಸಿದಾಗ ಒಂದನೆಯ ನರಸಿಂಹನು ಸವಣೇರು ಗ್ರಾಮವನ್ನು ಅದಕ್ಕೆ ದತ್ತಿಯಾಗಿ ಕೊಟ್ಟನು. ಕಟ್ಟಡದ ಜೊತೆಗೇ ಅದರ ಮುಂದಿನ ಶತಮಾನಗಳ ಖರ್ಚಿಗೂ ದಾರಿಯಾಯಿತು.

ದೊರೆಗಳ ದತ್ತಿಗಿಂತ ಸಾಮಾನ್ಯರ ದತ್ತಿ ಇನ್ನೂ ಮನನೀಯವಾದುದು. ಕೆಲವು ಗದ್ಯಾಣಗಳನ್ನು ಮೂಲಧನವಾಗಿ ಇಟ್ಟು, ಅದರ ಬಡ್ಡಿಯಿಂದ ನಿತ್ಯಾಭಿಷೇಕಕ್ಕೆ ಇಷ್ಟು ಹಾಲು, ನಿತ್ಯಪೂಜೆಗೆ ಇಷ್ಟು ಹೂವು ಸಲ್ಲಬೇಕೆಂದು ವಿಧಿಸಿದ ಶಾಸನಗಳು ಇಲ್ಲಿವೆ. ಮೂಲಧನವನ್ನು ಮುಟ್ಟುವಂತಿಲ್ಲ, ಬಡ್ಡಿ ಬೇರೆ ಕಾರ್ಯಕ್ಕೆ ಹರಿಯುವಂತಿಲ್ಲ. ಒಂದು ದತ್ತಿಗೆ ಒಂದು ಕಾರ್ಯ. ಇಂದಿನ ಶಾಶ್ವತ ನಿಧಿಯ ತತ್ತ್ವವೆಲ್ಲ ಆ ನಾಲ್ಕು ಸಾಲಿನ ಕಲ್ಲಿನಲ್ಲಿದೆ.

ಇವೆಲ್ಲಕ್ಕೂ ಕಿರೀಟಪ್ರಾಯವಾದುದು ಭಂಡಾರ ಬಸದಿಯಲ್ಲಿರುವ 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿದಾಗ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ದೊರೆಯು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದ ಕಥೆ ಸರ್ವವಿದಿತ. ಆದರೆ ಆ ಶಾಸನದ ಲೆಕ್ಕಾಚಾರದ ಭಾಗವನ್ನು ಗಮನಿಸಿದವರು ಕಡಿಮೆ. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ದ್ರವ್ಯದಿಂದ ಬೆಳ್ಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ದ್ರವ್ಯದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು. ಇದರ ಹೊಣೆ ಯಾರದು? ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವರ ಹಿರಿಯನೊಬ್ಬನದು!

ಈ ವ್ಯವಸ್ಥೆಯಲ್ಲಿ ಮೂರು ಗುಣಗಳಿವೆ. ಹೊರೆ ಒಬ್ಬ ಶ್ರೀಮಂತನ ಮೇಲಲ್ಲ, ಮನೆಮನೆಯ ಮೇಲೆ ಹಗುರವಾಗಿ ಹಂಚಿಕೆಯಾಗಿದೆ. ಹಣ ಎಂದೋ ಒಮ್ಮೆ ಬರುವುದಲ್ಲ, ವರ್ಷವರ್ಷವೂ ಬರುತ್ತದೆ. ಮೊದಲ ವೆಚ್ಚ ಕಾವಲಿಗೆ, ಎರಡನೆಯದು ದುರಸ್ತಿಗೆ; ವೈಭವಕ್ಕೆ ಅದರಲ್ಲಿ ಪಾಲಿಲ್ಲ. ಇದಲ್ಲದೆ ನೆರೆಯವನನ್ನೇ ಹೊಣೆಗಾರನನ್ನಾಗಿ ಮಾಡಿದ್ದರಿಂದ, ಕ್ಷೇತ್ರದ ರಕ್ಷಣೆ ಇಡೀ ನಾಡಿನ ಕಾರ್ಯವಾಯಿತು.

ವ್ಯವಸ್ಥೆ ಕೆಟ್ಟರೆ ಏನಾಗುತ್ತದೆಂಬುದಕ್ಕೂ ಬೆಳ್ಗೊಳದಲ್ಲಿ ಸಾಕ್ಷಿಯಿದೆ. ಹದಿನೇಳನೆಯ ಶತಮಾನದ ಹೊತ್ತಿಗೆ ಸ್ಥಾನಿಕರು ಕಷ್ಟಕ್ಕೆ ಸಿಕ್ಕಿ ದೇವರ ಭೂಮಿಯನ್ನು ವರ್ತಕರಲ್ಲಿ ಒತ್ತೆಯಿಟ್ಟಿದ್ದರು. ಪೂಜೆಗೆ ಮೀಸಲಾದ ಭೂಮಿಯ ಫಲ ಸಾಲಿಗರ ಪಾಲಾಗಿತ್ತು. 1634ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಸಾಲಿಗರನ್ನು ಕರೆಸಿ, ಆ ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ಆಗ ಆ ವರ್ತಕರು ಹಣವನ್ನು ಬಯಸದೆ, ತಂದೆತಾಯಿಗಳಿಗೆ ಪುಣ್ಯವಾಗಲೆಂದು ಒತ್ತೆಯನ್ನೇ ಬಿಟ್ಟುಕೊಟ್ಟರು. ಇನ್ನು ಮುಂದೆ ದೇವರ ಭೂಮಿಯನ್ನು ಒತ್ತೆಯಿಡುವವರೂ ಹಿಡಿಯುವವರೂ ತಪ್ಪಿತಸ್ಥರೆಂದು ಕಟ್ಟಳೆಯಾಯಿತು. ಭಕ್ತಿ ಕಡಿಮೆಯಾದುದರಿಂದ ಆ ಒತ್ತೆ ನಡೆದುದಲ್ಲ. ನಿತ್ಯದ ಖರ್ಚಿಗೆ ಕೈಯಲ್ಲಿ ಕಾಸಿಲ್ಲದುದರಿಂದ ನಡೆದುದು. ಇದನ್ನು ಮರೆಯಬಾರದು.

ಕಾಲ ಬದಲಾಯಿತು. 1955ರ ಧಾರ್ಮಿಕ ಹಾಗೂ ಧರ್ಮಾದಾಯ ಇನಾಂ ರದ್ದಿಯಾತಿ ಕಾನೂನಿನೊಡನೆ ಹಳೆಯ ಮೈಸೂರಿನಲ್ಲಿ ದತ್ತಿ ಗ್ರಾಮಗಳ ಯುಗ ಮುಗಿಯಿತು. ಉಳುವವನಿಗೆ ಅದರಿಂದ ನ್ಯಾಯ ದೊರೆಯಿತು, ಅದಕ್ಕೆ ವಿಷಾದಿಸಬೇಕಾಗಿಲ್ಲ. ಆದರೆ ಕ್ಷೇತ್ರಗಳ ನಿತ್ಯದ ಆದಾಯದ ಬೇರು ಕಡಿಯಿತೆಂಬುದೂ ನಿಜ. 1958ರ ಪ್ರಾಚೀನ ಸ್ಮಾರಕಗಳ ಕಾನೂನಿನಂತೆ ಕೇಂದ್ರ ಪುರಾತತ್ತ್ವ ಇಲಾಖೆಯು ಸ್ಮಾರಕಗಳ ರಕ್ಷಣೆಯ ಹೊಣೆ ಹೊತ್ತಿದೆ. 2010ರ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಬೇಕು.

ಈ ನಿರ್ಬಂಧದಿಂದ ಬೆಟ್ಟದ ಬುಡ ಕಾಂಕ್ರೀಟಿನ ಕಾಡಾಗದಂತೆ ತಡೆಯಾಗಿದೆ. ಆದರೆ ಅದರ ಭಾರವನ್ನು ಹೊರುವವರಾರು? ತಾತನ ಕಾಲದ ಮನೆಯ ಮೇಲೆ ಮಗನ ಮದುವೆಗೆಂದು ಒಂದು ಕೋಣೆ ಏರಿಸಲಾಗದ ಗ್ರಾಮಸ್ಥನು. ಅವನು ಜೈನನಾಗಿರಬಹುದು, ಆಗಿಲ್ಲದಿರಬಹುದು. ದರ್ಶನದ ಆನಂದ ಲೋಕಕ್ಕೆ, ನಿರ್ಬಂಧದ ತೊಂದರೆ ಅವನೊಬ್ಬನಿಗೆ ಎಂಬಂತಾದರೆ ಅವನು ಕ್ಷೇತ್ರವನ್ನು ಪ್ರೀತಿಸಬೇಕೆಂದು ನಿರೀಕ್ಷಿಸುವುದು ಕಷ್ಟ. ತಾತಯ್ಯನನ್ನು ಹೊಣೆಗಾರನನ್ನಾಗಿ ಮಾಡಿದ ಬುಕ್ಕರಾಯನ ವಿವೇಕ ಇಲ್ಲಿಯೇ ಬೇಕಾಗಿದೆ. ನೆರೆಯವನಿಗೆ ಹೊಣೆಯೂ ಇರಬೇಕು, ಪಾಲೂ ಇರಬೇಕು.

ಇನ್ನು ಪ್ರವಾಸಿಗಳ ವಿಚಾರ. 2017ರಲ್ಲಿ ಬೆಂಗಳೂರು–ಹಾಸನ ರೈಲುಮಾರ್ಗ ಪೂರ್ಣಗೊಂಡು ರಾಜಧಾನಿಯಿಂದ ಬೆಳಗೊಳಕ್ಕೆ ನೇರ ಸಂಪರ್ಕ ದೊರೆಯಿತು. 2023ರಲ್ಲಿ ಅದೇ ಜಿಲ್ಲೆಯ ಬೇಲೂರು, ಹಳೇಬೀಡುಗಳು ಸೋಮನಾಥಪುರದೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿಗೆ ಬಂದವರು ಬೆಳಗೊಳವನ್ನೂ ನೋಡಿಹೋಗುವುದು ಸಹಜ. ಇದು ಸಂತೋಷದ ಸಂಗತಿಯೇ. ಬಾಹುಬಲಿಯ ಶಾಂತಮುದ್ರೆಯನ್ನು ಕಂಡು ಒಂದು ಗಳಿಗೆ ಮೌನವಾಗುವವನು ಯಾವ ಮತದವನಾದರೇನು? ಆದರೆ ಯಾತ್ರಿಕನಿಗೂ ಪ್ರವಾಸಿಗೂ ಒಂದು ಅಂತರವುಂಟು. ಯಾತ್ರಿಕನು ಏನನ್ನಾದರೂ ಬಿಡಲು ಬರುತ್ತಾನೆ. ಪ್ರವಾಸಿಯು ಏನನ್ನಾದರೂ ಕೊಂಡೊಯ್ಯಲು ಬರುತ್ತಾನೆ. ಅವನು ಬಿಟ್ಟುಹೋಗುವುದು ಪ್ಲಾಸ್ಟಿಕ್ ಸೀಸೆ, ತಿಂಡಿಯ ಪೊಟ್ಟಣ, ಕೆಲವೊಮ್ಮೆ ಬಂಡೆಯ ಮೇಲೆ ಗೀಚಿದ ತನ್ನ ಹೆಸರು.

ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಈ ಒತ್ತಡ ನೂರ್ಮಡಿಯಾಗುತ್ತದೆ. 1970ರಿಂದ 2023ರವರೆಗೆ ಪೀಠವನ್ನು ಅಲಂಕರಿಸಿದ್ದ ಸ್ವಸ್ತಿಶ್ರೀ ಚಾರುಕೀರ್ತಿ ಭಟ್ಟಾರಕ ಮಹಾಸ್ವಾಮಿಗಳ ನೇತೃತ್ವದಲ್ಲಿ 1981, 1993, 2006 ಮತ್ತು 2018ರ ಉತ್ಸವಗಳು ನಡೆದವು. ರೈತರ ಹೊಲಗಳಲ್ಲಿ ತಾತ್ಕಾಲಿಕ ಉಪನಗರಗಳೆದ್ದವು. ರಸ್ತೆ, ನೀರು, ಬೆಳಕುಗಳಿಗೆ ಸರ್ಕಾರದ ಅನುದಾನ ಹರಿದುಬಂದಿತು. ಹನ್ನೆರಡು ವರ್ಷದ ರೂಢಿಯಂತೆ ಮುಂದಿನ ಉತ್ಸವ 2030ರ ಹೊತ್ತಿಗೆ ಬರಲಿದೆ.

ಸಮಸ್ಯೆಯ ಮರ್ಮ ಇರುವುದು ಇಲ್ಲಿಯೇ. ಹಣ ಹನ್ನೆರಡು ವರ್ಷಕ್ಕೊಮ್ಮೆ ಪ್ರವಾಹದಂತೆ ಬರುತ್ತದೆ. ಬೆಟ್ಟಕ್ಕೆ ಬೇಕಾದದ್ದು ನಿತ್ಯ ತೊಟ್ಟಿಕ್ಕುವ ಹನಿ. ಉತ್ಸವದ ಅನುದಾನವು ನಿಗದಿತ ದಿನದೊಳಗೆ ಮುಗಿಯಬೇಕಾದ ಕಾಮಗಾರಿಗಳಿಗೆ ಸಲ್ಲುತ್ತದೆ. ಕಸ ಹೆಕ್ಕುವ ಕೂಲಿಗೆ, ಕಾವಲುಗಾರನ ಸಂಬಳಕ್ಕೆ, ಕೆರೆಯ ಹೂಳೆತ್ತುವುದಕ್ಕೆ, ಶಾಸನದ ಬಂಡೆಗೆ ಬೇಲಿ ಹಾಕುವುದಕ್ಕೆ ವರ್ಷವರ್ಷವೂ ಹಣ ಬೇಕು. ಟಿಕೆಟ್ಟು ಹಾಕಿದರೆ ಸಾಲದೇ ಎಂದು ಕೇಳುವವರುಂಟು. ಮೊದಲನೆಯದಾಗಿ, ದರ್ಶನಕ್ಕೆ ಬೆಲೆ ಕಟ್ಟುವುದು ಧರ್ಮವಲ್ಲ. ಬಡ ಯಾತ್ರಿಕನು ಬಾಗಿಲಲ್ಲಿ ನಿಲ್ಲುವಂತಾಗಬಾರದು. ಎರಡನೆಯದಾಗಿ, ಕೇಂದ್ರ ರಕ್ಷಿತ ಸ್ಮಾರಕಗಳಲ್ಲಿ ಸಂಗ್ರಹವಾಗುವ ಪ್ರವೇಶ ಶುಲ್ಕ ಸರ್ಕಾರದ ಬೊಕ್ಕಸವನ್ನು ಸೇರುತ್ತದೆಯೇ ಹೊರತು ಆಯಾ ಸ್ಥಳದಲ್ಲಿ ಉಳಿಯುವುದಿಲ್ಲ.

ಹಾಗಾದರೆ ಮಾರ್ಗವೇನು? ಹಳೆಯ ಕಲ್ಲುಗಳೇ ನಾಲ್ಕು ಮಾರ್ಗಗಳನ್ನು ತೋರುತ್ತವೆ.

ಮೊದಲನೆಯದು, ಮುಟ್ಟಲಾಗದ ಮೂಲಧನ. ಪ್ರತಿಯೊಂದು ಉತ್ಸವದ ಕಾಣಿಕೆಯಲ್ಲಿ ಒಂದು ಪಾಲನ್ನು ಶಾಶ್ವತ ನಿಧಿಯಾಗಿ ಇರಿಸಿ, ಅದರ ಬಡ್ಡಿಯನ್ನು ಹೆಸರಿಸಿದ ಕಾರ್ಯಕ್ಕೆ ಮಾತ್ರ ವಿನಿಯೋಗಿಸುವುದು. ಕಳಶಕ್ಕೆ ಲಕ್ಷಗಟ್ಟಲೆ ಕೊಡುವ ಭಕ್ತರು ಒಂದು ಕೆರೆಯ ಹೆಸರಿನಲ್ಲಿ, ಒಂದು ಶಾಸನದ ಬಂಡೆಯ ಹೆಸರಿನಲ್ಲಿ ದತ್ತಿಯಿಡುವಂತಾದರೆ ಆ ಪುಣ್ಯ ನಿತ್ಯನೂತನ. ರಕ್ಷಿತ ಸ್ಮಾರಕಗಳಿಗೆ ನಿಶ್ಚಿತ ಕಾರ್ಯಕ್ಕಾಗಿ ದಾನ ನೀಡಲು 1996ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಕೃತಿ ನಿಧಿಯ ಮೂಲಕ ಮಾರ್ಗವೂ ಇದೆ.

ಎರಡನೆಯದು, ಮನೆಗೊಂದು ಹಣ. ನಾಡಿನ ಜೈನ ಮನೆಗಳೆಲ್ಲ ವರ್ಷಕ್ಕೊಮ್ಮೆ, ಪರ್ಯೂಷಣದ ಹತ್ತು ದಿನಗಳಲ್ಲಿ, ಶಕ್ತ್ಯನುಸಾರ ಸಣ್ಣ ಮೊತ್ತವನ್ನು ರಕ್ಷಣೆಗೆಂದೇ ತೆಗೆದಿಟ್ಟರೆ, ಯಾರ ಬಾಗಿಲಿಗೂ ಹೋಗಿ ಕೈಚಾಚಬೇಕಾಗಿಲ್ಲ. ಅದರ ಲೆಕ್ಕವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಪ್ರತಿವರ್ಷ ಪ್ರಕಟಿಸಬೇಕು. 1634ರ ಪಾಠ ಅದೇ.

ಮೂರನೆಯದು, ಪ್ರವಾಸಿಯ ಪಾಲು. ದರ್ಶನ ಉಚಿತವಾಗಿರಲಿ, ವಾಹನ ನಿಲುಗಡೆಯಿಂದ, ವಾಣಿಜ್ಯದಿಂದ ಬರುವ ಆದಾಯದ ಒಂದಂಶ ಊರಿನ ಚರಂಡಿಗೆ, ನೀರಿಗೆ, ಹಳೆಯ ಮನೆಗಳ ದುರಸ್ತಿಗೆ ಸಲ್ಲಲಿ. ಡೋಲಿ ಹೊರುವವರು, ತೆಂಗಿನಕಾಯಿ ಮಾರುವವರು, ಹೊಲ ಬಿಟ್ಟುಕೊಡುವ ರೈತರು ಕ್ಷೇತ್ರದಿಂದ ಬದುಕಿದರೆ ಅವರೇ ಕ್ಷೇತ್ರದ ಕಾವಲುಗಾರರಾಗುತ್ತಾರೆ.

ನಾಲ್ಕನೆಯದು, ಹಣವಿಲ್ಲದೆ ಆಗುವ ರಕ್ಷಣೆ, ಅಂದರೆ ಆಚಾರ. ಬೆಟ್ಟವನ್ನು ಬರಿಗಾಲಿನಲ್ಲಿ ಏರಬೇಕೆಂಬ ನಿಯಮ ಭಕ್ತಿಯ ನಿಯಮವಷ್ಟೇ ಅಲ್ಲ. ಕಲ್ಲಿನ ಸವೆತವನ್ನು ತಡೆಯುವ ಉಪಾಯವೂ ಹೌದು. ಪೃಥ್ವೀಕಾಯ, ಜಲಕಾಯ ಜೀವಗಳನ್ನೂ ನೋಯಿಸದಂತೆ ನಡೆಯಬೇಕೆಂದು ಕಲಿಸಿದ ಧರ್ಮದವರು ಬೆಟ್ಟಕ್ಕೆ ಕೊಂಡೊಯ್ದುದನ್ನು ಮರಳಿ ಕೆಳಗಿಳಿಸಲಾರರೇ? ಶಾಸನದ ಬಂಡೆಯನ್ನು ಬಳಸಿ ನಡೆಯಲಾರರೇ? ಶ್ರಾವಕನ ನಡೆಯನ್ನು ಕಂಡು ಪ್ರವಾಸಿ ಕಲಿಯಬೇಕೇ ಹೊರತು ಪ್ರವಾಸಿಯನ್ನು ಕಂಡು ಶ್ರಾವಕನು ಮರೆಯಬಾರದು.

ಧರ್ಮಬಂಧುಗಳೇ, ಬಾಹುಬಲಿಯು ಗೆದ್ದ ರಾಜ್ಯವನ್ನು ತೊರೆದು ನಿಂತನು. ಮೈಗೆ ಬಳ್ಳಿ ಹಬ್ಬಿತು, ಕಾಲ ಬುಡದಲ್ಲಿ ಹುತ್ತ ಬೆಳೆಯಿತು; ಅವನು ಸುತ್ತಲಿನ ಪ್ರಕೃತಿಯನ್ನು ಕದಲಿಸಲಿಲ್ಲ. ಆ ಮೂರ್ತಿಯನ್ನು ನೋಡಲು ಹೋಗುವವರು ಅದರ ಸುತ್ತಲಿನ ಬೆಟ್ಟ, ಕೊಳ, ಊರುಗಳನ್ನು ಕದಡಿ ಬಂದರೆ ಅದು ದರ್ಶನವಾಗುವುದೇ?

ಇಂದು ಪ್ರತಿಷ್ಠೆಗೊಂಡ ಈ ಬಸದಿಗೂ ಅದೇ ಮಾತು ಅನ್ವಯಿಸುತ್ತದೆ. ಉತ್ಸವದ ಲೆಕ್ಕ ಮುಗಿಸುವ ಮುನ್ನ, ಉಳಿದ ಹಣದಲ್ಲಿ ಮೊದಲ ಪಾಲು ಮುಂದಿನ ನೂರು ಮಳೆಗಾಲಗಳ ಸುಣ್ಣಕ್ಕೆ, ಗಾರೆಗೆ, ಕಾವಲಿಗೆ ಮೀಸಲಾಗಲಿ. ಆ ಮೀಸಲು ಸಿದ್ಧವಾದ ದಿನವೇ ಪ್ರತಿಷ್ಠೆ ಪೂರ್ಣವಾದ ದಿನ.

ಜಯ ಜಿನೇಂದ್ರ.