ಬಯಸಿದ್ದ, ಪಡೆಯಲಿಲ್ಲ



ಕ್ರಿ.ಶ. 392. ರೋಮನ್ ಚಕ್ರವರ್ತಿ ಎರಡನೇ ವ್ಯಾಲೆಂಟಿನಿಯನ್‌ಗೆ ಇನ್ನೂ ಇಪ್ಪತ್ತರ ಆಸುಪಾಸಿನ ಪ್ರಾಯ. ದೀಕ್ಷಾಸ್ನಾನ ಕೊಡಲು ಬನ್ನಿರೆಂದು ಮಿಲಾನಿನ ಬಿಷಪ್ ಆಂಬ್ರೋಸರಿಗೆ ಹೇಳಿ ಕಳಿಸಿದ್ದ. ಅವರು ತಲುಪುವ ಮೊದಲೇ ಗಾಲ್ ಪ್ರಾಂತದ ವಿಯೆನ್‌ನಲ್ಲಿ ಹೆಣವಾಗಿದ್ದ. ಕೊಲೆಯೋ ಆತ್ಮಹತ್ಯೆಯೋ, ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ.

ಅವನ ಸೋದರಿಯರ ಕೊರಗು ಬೇರೆಯೇ: ಸ್ನಾನವಿಲ್ಲದೆ ಹೋದವನಿಗೆ ರಕ್ಷಣೆಯುಂಟೇ? ನೀರಿನಿಂದಲೂ ಆತ್ಮದಿಂದಲೂ ಹುಟ್ಟದವನು ದೇವರ ರಾಜ್ಯ ಸೇರಲಾರನೆಂದು ಯೇಸು ನಿಕೊದೇಮನಿಗೆ ಹೇಳಿದ್ದು ಯೋಹಾನನ ಸುವಾರ್ತೆಯಲ್ಲೇ ಇದೆ. ಆಂಬ್ರೋಸರೂ ಅದನ್ನು ಹಗುರವಾಗಿ ಕಂಡವರಲ್ಲ. 387ರಲ್ಲಿ ಅಗಸ್ಟೀನರಿಗೆ ದೀಕ್ಷೆ ಕೊಟ್ಟವರು ಅವರೇ. ಆದರೂ ವ್ಯಾಲೆಂಟಿನಿಯನ್‌ನ ಚರಮಭಾಷಣದಲ್ಲಿ, ಅವನು ಬೇಡಿದ್ದು ಅವನಿಗೆ ದಕ್ಕಿತೆಂದರು. ರಕ್ತಸಾಕ್ಷಿಗಳನ್ನು ಅವರ ರಕ್ತ ತೊಳೆಯುವುದಾದರೆ ಇವನನ್ನು ಇವನ ಬಯಕೆಯೇ ತೊಳೆಯಿತು ಎಂಬುದು ಅವರ ವಾದ. ಮುಂದೆ ಕಥೋಲಿಕ ಸಭೆ ಇದನ್ನೇ ಬಯಕೆಯ ದೀಕ್ಷಾಸ್ನಾನವೆಂದು ಒಪ್ಪಿತು. ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರಂತೂ ಸ್ನಾನವನ್ನು ರಕ್ಷಣೆಯ ಕಾರಣವೆನ್ನದೆ, ನಂಬಿಕೆಯ ಬಹಿರಂಗ ಸಾಕ್ಷಿ ಎನ್ನುತ್ತಾರೆ.

ಬೇಕೆಂದೇ ತಡಮಾಡಿದವರೂ ಇದ್ದರು. ಕಾನ್‌ಸ್ಟಂಟೈನ್ ಚಕ್ರವರ್ತಿ 337ರವರೆಗೆ, ಮರಣಶಯ್ಯೆಯವರೆಗೆ, ದೀಕ್ಷೆಯನ್ನು ಮುಂದೂಡಿದ್ದ. ಆ ಕಾಲದಲ್ಲಿ ಅದೇನೂ ಅಪರೂಪವಲ್ಲ, ಬಿಡಿ. ಆದರೆ ಆಂಬ್ರೋಸರ ಸಾಂತ್ವನ ಹಾಗೆ ಕಾಲ ತಳ್ಳುವವರಿಗಲ್ಲ. ಕೇಳಿಯೂ ಸಿಗದೆ ಹೋದವರಿಗೆ.